ಬಲೆಯಲ್ಲಿ ನಿಲ್ಲದ ಸಣ್ಣವು

“ಪಂಡಿತ್ರೇ, ಬನ್ನಿ ಇಲ್ಲಿ! ನೀವು ಹಿಡಿದು ತಂದ ಮಕ್ಕಳು ಎಷ್ಟು ದಪ್ಪ ಆಗಿದಾರೆ ನೋಡಿ.”

ಮೇಡಂ ಮೈಕ್ರೋಸ್ಕೋಪ್‌ನಿಂದ ತಲೆಯೆತ್ತಿ ಕರೆದರು. ಕೇಳದಿದ್ದರೂ ಸಮುದ್ರದ ಬಗ್ಗೆ ಅಭಿಪ್ರಾಯ ಕೊಡುತ್ತೇನೆಂದು ಅವರು ನನಗಿಟ್ಟ ಹೆಸರು ‘ಪಂಡಿತ್ರು’. ನಿಜಕ್ಕೂ ನಾನು ಸಂಶೋಧನಾ ಕೇಂದ್ರದ ದೋಣಿಯಲ್ಲಿ ಬಲೆ ಎಳೆಯುವವನು. ಬಲೆಗೆ ಬಿದ್ದ ಪುಟಾಣಿ ಪ್ಲಾಂಕ್ಟನ್ ಜೀವಿಗಳನ್ನು ಅವರು ಒಂದೊಂದಾಗಿ ಅಳೆಯುತ್ತಾರೆ.

ಅವರ ಕಣ್ಣಿನ ಸುತ್ತ ಮೈಕ್ರೋಸ್ಕೋಪ್ ಒತ್ತಿದ ಗುರುತು. ಅದನ್ನು ನೋಡುವುದಕ್ಕೆಂದೇ ನಾನು ದಿನಾ ಖಾಲಿ ಬಾಟಲಿಗಳ ನೆಪ ಹುಡುಕಿಕೊಂಡು ಬರುತ್ತಿದ್ದೆ.

“ತಳದಿಂದ ತಣ್ಣನೆ ನೀರು ಮೇಲೆ ಬಂದ್ರೆ ಇವಕ್ಕೆ ಮೇವು ಜಾಸ್ತಿ, ದೊಡ್ಡವು ಸಿಗ್ತವೆ. ನೀರು ಬೆಚ್ಚಗಾದ್ರೆ ಬರೀ ಸಣ್ಣವು. ಈ ವರ್ಷ ಅಷ್ಟು ಬಿಸಿ ಇದ್ರೂ ಸಣ್ಣವು ಕಾಣಿಸ್ತಾನೇ ಇಲ್ಲ! ಇದನ್ನೇ ಬರೆದ ನನ್ನ ರಿಪೋರ್ಟ್ ಓದಿ ಬೇರೆ ಊರಿನ ಸಂಸ್ಥೆಯವರು ನಂಗೆ ಕೆಲಸ ಕೊಟ್ಟಿದ್ದು.” ಆಮೇಲೆ ಓರೆಗಣ್ಣಿನಿಂದ ನೋಡಿದರು. “ಸೋಮವಾರ ಹೊರಡ್ತೀನಿ. ಬೇಡ ಅನ್ನೋರು ಇಲ್ಲಿ ಯಾರೂ ಇಲ್ವಾ?”

ನಾನು ಬೆಚ್ಚಿದೆ. ಆ ಪ್ರಶ್ನೆಗಲ್ಲ, ಸಣ್ಣವು ಕಾಣಿಸುತ್ತಿಲ್ಲ ಎಂಬ ಮಾತಿಗೆ.

ವರ್ಷದ ಆರಂಭದಲ್ಲೇ ಅವರ ನವಿರಾದ ಬಲೆ ಪ್ರೊಪೆಲ್ಲರಿಗೆ ಸಿಕ್ಕಿ ಹರಿದಿತ್ತು. ಸ್ಟೋರಿನಲ್ಲಿದ್ದ ಹಳೆಯ ಬಲೆ ಕಟ್ಟಿದೆ. ಅದರ ತೂತುಗಳು ಕೂದಲೆಳೆಯಷ್ಟೇ ಹೆಚ್ಚು ಅಗಲ, ಅಷ್ಟಕ್ಕೆಲ್ಲ ಏನಾಗುತ್ತದೆ ಎಂದುಕೊಂಡೆ. ಬೈಸಿಕೊಳ್ಳುವ ಭಯಕ್ಕೆ ಲೇಬಲ್ ಮೇಲೆ ಹರಿದ ಬಲೆಯ ನಂಬರನ್ನೇ ಬರೆಯುತ್ತಾ ಬಂದೆ. ಸಣ್ಣವು ಸಮುದ್ರದಲ್ಲಿ ಬೇಕಾದಷ್ಟಿದ್ದವು. ನನ್ನ ಬಲೆಯಿಂದ ಜಾರಿ ಹೋಗಿದ್ದವು.

ದೋಣಿ ನಡೆಸುವ ನನ್ನ ಮಾವನಿಗೆ ಹೇಳಿದೆ.

“ತೆಪ್ಪಗಿರೋ. ಹೇಳಿದ್ರೆ ಆ ಹುಡುಗಿ ಕೆಲಸ ಹೋಗುತ್ತೆ. ಹೇಳದಿದ್ರೆ ಹುಡುಗೀನೇ ಹೋಗ್ತಾಳೆ. ಹೇಗೆ ನೋಡಿದ್ರೂ ನಿನ್ನ ಗತಿ ಅಷ್ಟೇ.”

ಹೇಳಿದರೆ ಅವರು ಇಲ್ಲೇ ಉಳಿಯುತ್ತಾರೆಂಬ ಆಸೆಯೂ ಒಳಗೊಳಗೇ ಇತ್ತು. ಅದಕ್ಕೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಬಲೆಯನ್ನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಲೆಯ ಅಂಚನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಅಳೆದರು. ನಂಬಲಾಗದೆ ಇನ್ನೊಮ್ಮೆ ಅಳೆದರು.

“ನಾನು ಹೋಗಬಾರದು ಅಂತ ಹೇಳ್ತಿದೀರಾ?”

“ಹೋಗಬಾರದು ಅಂತ ಇದೆ ಮೇಡಂ. ನಿಮ್ಮನ್ನ ಬಿಟ್ಟಿರೋಕೆ ನನ್ ಕೈಲಿ ಆಗಲ್ಲ. ಆದ್ರೆ ಅದಕ್ಕೋಸ್ಕರ ಹೇಳಿದ್ದಲ್ಲ. ಹೇಳದಿದ್ರೆ ನನ್ನ ಸುಳ್ಳನ್ನ ನೀವು ಹೊತ್ಕೊಂಡು ಹೋಗ್ತಿದ್ರಿ.”

ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ನನ್ನೆದುರೇ ಹೊಸ ಕೆಲಸದವರಿಗೆ ಫೋನ್ ಮಾಡಿ, ರಿಪೋರ್ಟ್ ತಪ್ಪು, ತಾನು ಬರುತ್ತಿಲ್ಲ ಎಂದರು. ಆ ಕಡೆಯವರು ಏನೋ ಕೇಳಿದರು.

“ಇಲ್ಲ, ತಪ್ಪು ನಂದೇ. ಬಲೆ ನಾನೇ ನೋಡ್ಬೇಕಿತ್ತು.”

ಅದನ್ನು ಕೇಳಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಫೋನಿಟ್ಟು, “ಇನ್ನೊಂದು ವರ್ಷ ಸ್ಯಾಂಪಲ್ ತೆಗೀಬೇಕು” ಎಂದರು.

“ಇವತ್ತೇ ಹೊಸ ಬಲೆ ಕಟ್ತೀನಿ.”

“ನೀವು ಬೇಡ. ಕೇಂದ್ರದವರು ಬೇರೆ ಯಾರನ್ನಾದ್ರೂ ಕಳಿಸ್ತಾರೆ.”

ತಲೆ ತಗ್ಗಿಸಿ ಬಾಗಿಲವರೆಗೆ ಬಂದೆ. ಹಿಂದಿನಿಂದ ಅವರ ದನಿ ಕೇಳಿತು.

“ನಿನ್ನೆ ನೀವು ಹೋಗ್ಬೇಡಿ ಅಂತ ಒಂದ್ ಮಾತು ಹೇಳ್ತೀರೇನೋ ಅಂತ ಕಾಯ್ತಿದ್ದೆ.”

“ಈಗ?”

“ಈಗ್ಲೂ ನೀವಂದ್ರೆ ಇಷ್ಟಾನೇ. ಆದ್ರೆ ನಿಮ್ಮ ಕೈಯಿಂದ ಒಂದು ಬಾಟಲಿ ತಗೊಳ್ಳೋಕೂ ಧೈರ್ಯ ಬರ್ತಿಲ್ಲ. ನಾನೇನು ಮಾಡ್ಲಿ, ನೀವೇ ಹೇಳಿ.”

ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವರೂ ಹೋಗಿ ಅನ್ನಲಿಲ್ಲ.