ವಾಲುವ ಗಾಡಿಗೊಂದು ಸಹಿ

ಮೊದಲ ಭೇಟಿಯಲ್ಲೇ ನೀಲಾ ಅವನ ಕಾಲರ್ ಹಿಡಿದಿದ್ದಳು. ಪ್ರೀತಿಯಿಂದ ಅಂದುಕೊಂಡಿರಾ? ಸಿಟ್ಟಿನಿಂದ!

ಖಾನಾಪುರ ರಸ್ತೆಯ ಇಳಿಜಾರಿನ ತಿರುವು ಅದು. ಅವಳ ಅಪ್ಪ ಸಾತಪ್ಪನ ಸ್ಕೂಟರು ರಸ್ತೆ ಬದಿಗೆ ಮಗುಚಿ ಬಿದ್ದಿತ್ತು. ಬಲಗಾಲು ಸೋತವನೆಂದು ಅದಕ್ಕೆ ಎರಡೂ ಬದಿ ಹೆಚ್ಚಿನ ಗಾಲಿ ಹಾಕಿಸಿದ್ದರು. ಅಪ್ಪ ಮಣ್ಣಿನಲ್ಲಿ ಕೂತು ಮೊಣಕೈಯ ರಕ್ತ ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಬೈಕ್ ನಿಲ್ಲಿಸಿಕೊಂಡು ಒಬ್ಬ ಎತ್ತರದ ಹುಡುಗ ನಿಂತಿದ್ದ.

"ಕಣ್ಣೇನು ಕಿಸೆದಾಗ ಇಟ್ಕೊಂಡು ಗಾಡಿ ಓಡಸ್ತೀರೇನ್ರಿ? ಕಾಲಿಲ್ಲದ ಮನಿಷಾನ್ನ ಕೆಡವಿ ನೋಡ್ಕೋತ ನಿಂತೀರಲ್ಲ!"

"ನಾ ಬಡದಿಲ್ರಿ... ಎಬ್ಬಿಸಾಕ ಬಂದೇನಿ."

"ಏ, ಬಿಡ ನೀಲಾ! ಅಂವಾ ಏನೂ ಮಾಡಿಲ್ಲವ್ವಾ. ಗಾಡಿನ ನನ್ನ ಒಗೀತು," ಎಂದ ಸಾತಪ್ಪ.

ನೀಲಾಳ ಕೈ ತಾನಾಗಿ ಸಡಿಲವಾಯಿತು. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹುಡುಗ ಕಾಲರ್ ಸರಿ ಮಾಡಿಕೊಂಡು ಸ್ಕೂಟರಿನ ಗಾಲಿ ಮುಟ್ಟಿದ. "ಸೈಕಲ್ ತಿರುವಿನ್ಯಾಗ ಒಳಗ ವಾಲ್ತದ, ಅದಕ್ಕ ಬೀಳಂಗಿಲ್ಲ. ಇದಕ್ಕ ಎರಡೂ ಬಾಜೂಕ ಗಾಲಿ ಹಾಕಿ ಕಟ್ಟಿಬಿಟ್ಟಾರ. ವಾಲಾಕ ಬರಂಗಿಲ್ಲ. ಅದಕ್ಕ ಹೊರಗ ಒಗೀತದ."

"ಹಂಗಾರ ವಾಲೋ ಗಾಡಿ ಮಾಡ್ರಲ್ಲ! ಬರೇ ಮಾತ್ಯಾಕ?"

"ಡ್ರಾಯಿಂಗ್ ಬರದು ಕೊಡ್ರಿ, ಪೀರನವಾಡ್ಯಾಗ ನನ್ನ ವರ್ಕ್‌ಶಾಪ್ ಐತಿ, ಮಾಡ್ತೇನಿ," ಅಂದುಬಿಟ್ಟ ಮಹಾರಾಯ.

ಅವನಿಗೇನು ಗೊತ್ತು, ಅವಳು ಬೆಳಗಾವಿಯ ಕಂಪನಿಯೊಂದರಲ್ಲಿ ಯಂತ್ರಗಳ ಡ್ರಾಯಿಂಗ್ ಬರೆಯುವ ಇಂಜಿನಿಯರ್ ಅಂತ! ಒಂಬತ್ತನೆಯ ದಿನ ಪೀರನವಾಡಿಯ ಅವನ ವರ್ಕ್‌ಶಾಪಿಗೆ ಡ್ರಾಯಿಂಗ್ ಸುರುಳಿ ಹಿಡಿದು ಬಂದೇಬಿಟ್ಟಳು. ಹುಡುಗನ ಹೆಸರು ಮಾರ್ತಾಂಡ.

"ಮುಂದ ಎರಡ ಗಾಲಿ, ಹಿಂದ ಒಂದ," ಎಂದು ಹಾಳೆ ಬಿಡಿಸಿದಳು. "ನಡುವ ಏಣಿಗತೆ ಎರಡ ತೋಳು, ಮ್ಯಾಲೊಂದ, ಕೆಳಗೊಂದ. ಕೂತಾಂವ ವಾಲಿದ್ರ ಎರಡೂ ಗಾಲಿ ಜೋಡೀಲೆ ವಾಲ್ತಾವು. ಒಂದ ಗಾಲಿ ತಗ್ಗಿನ್ಯಾಗ ಇಳದ್ರ ಅದೊಂದ ಇಳೀತದ, ಗಾಡಿ ನೆಟ್ಟಗ ಇರ್ತದ. ನಿಂತಾಗ ಬೀಳಬಾರದಂತ ಇಲ್ಲೊಂದ ಲಾಕ್."

ಮಾರ್ತಾಂಡ ಬಹಳ ಹೊತ್ತು ಹಾಳೆ ನೋಡಿದ. ಆಮೇಲೆ ಅವಳನ್ನು ನೋಡಿದ. ಅಷ್ಟೇ. ಆದರೆ ಆ ನೋಟಕ್ಕೆ ನೀಲಾ ಹೇಳಬೇಕಿದ್ದ ಮುಂದಿನ ಅಳತೆಯನ್ನೇ ಮರೆತಳು!

ಗಾಡಿ ಬೇಕಾಗಿದ್ದದ್ದು ಸಾತಪ್ಪನಿಗೆ. ಖಾನಾಪುರದಾಚೆ ಗುಡ್ಡದ ಬುಡದ ಹಟ್ಟಿಯಲ್ಲಿ ಮಗ ಬೀರೇಶ ಕುರಿ ಕಾಯುತ್ತಿದ್ದ. ದಿನಕ್ಕೊಮ್ಮೆ ಆ ಕುರಿಗಳ ಮುಖ ನೋಡದಿದ್ದರೆ ಸಾತಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ. ಬಿದ್ದ ಮೇಲೆ ಹಟ್ಟಿಗೆ ಹೋಗುವುದೇ ನಿಂತಿತ್ತು.

"ಒಂದ ಮಾತು," ಎಂದಿದ್ದಳು ನೀಲಾ ಡ್ರಾಯಿಂಗ್ ತಂದ ದಿನವೇ. "ನಾ ಬರದ ಗಾಡಿಯಿಂದ ಅಪ್ಪ ಬಿದ್ದಾ ಅಂದ್ರ, ನಾ ಮತ್ತ ಈ ಜಲ್ಮದಾಗ ಪೆನ್ಸಿಲ್ ಹಿಡಿಯಂಗಿಲ್ಲ."

ಮಾರ್ತಾಂಡ ನಗಲಿಲ್ಲ. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಮುಂದೆ ಅದೇ ಇಬ್ಬರಿಗೂ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಆರು ತಿಂಗಳು ಹೇಗೆ ಹೋದವೋ! ಆಫೀಸು ಬಿಟ್ಟೊಡನೆ ನೀಲಾ ಪೀರನವಾಡಿಗೆ. ಹಳೆಯ ಕೆಲಸಗಾರ ರಾಮಲಿಂಗ ಕಾಕಾ ಅವಳ ದನಿ ಕೇಳಿದರೆ ಸಾಕು, ಚಹಾಕ್ಕೆ ಇಡುತ್ತಿದ್ದ. ಮಾರ್ತಾಂಡ ಅವಳು ಬರೆದದ್ದನ್ನು ಕಬ್ಬಿಣದಲ್ಲಿ ಕಡೆಯುತ್ತಿದ್ದ.

ಡ್ರಾಯಿಂಗಿನ ಕೆಳಮೂಲೆಯಲ್ಲಿ ಎರಡು ಖಾನೆ ಇರುತ್ತವೆ. ಒಂದು 'ಬರೆದವರು', ಇನ್ನೊಂದು 'ಚೆಕ್ ಮಾಡಿದವರು'. ಮೊದಲನೆಯದರಲ್ಲಿ ಅವಳ ಹೆಸರು. ಎರಡನೆಯದು ಯಾವಾಗಲೂ ಖಾಲಿ.

"ಇಲ್ಲಿ ನೀವು ಸಹಿ ಮಾಡ್ರಿ."

"ನಿಮ್ಮ ಕೆಲಸ ಚೆಕ್ ಮಾಡಾಕ ನಾ ಯಾರ್ರಿ? ನೀವು ಬರದ್ರಂದ್ರ ಮುಗೀತು."

ಎಷ್ಟು ಖುಷಿಯಾಯಿತು ಅವಳಿಗೆ! ಇಷ್ಟು ನಂಬಿದವರು ಯಾರಿದ್ದರು?

ಒಮ್ಮೆ ಮಾತ್ರ ಅವನು ಗೊಣಗಿದ್ದ. ತೋಳು ಸಣ್ಣಗಾಗುವ ಕುತ್ತಿಗೆಯ ಮೂಲೆ ಚೂಪಾಗಿ ಇರಬಾರದು, ಗುಂಡಗೆ ಇರಬೇಕು; ಚೂಪಾದರೆ ಕಬ್ಬಿಣ ಅಲ್ಲಿಂದಲೇ ಸೀಳುತ್ತದೆ. ಕೆಲಸದವರು ಅದಕ್ಕೆ ರೇಡಿಯಸ್ ಅನ್ನುತ್ತಾರೆ. "ಈ ರೇಡಿಯಸ್ ಸಲುವಾಗಿ ಪೂರಾ ಒಂದ ದಿನಾ ಹೋತ್ ನೋಡ್ರಿ," ಎಂದು ಊದಿಕೊಂಡ ಬೆರಳು ತೋರಿಸಿದ್ದ. ನೀಲಾ ಆ ಬೆರಳನ್ನೇ ನೋಡುತ್ತ ಕೂತಿದ್ದಳು.

ಗಾಡಿ ತಯಾರಾದ ದಿನ ಮೊದಲು ಹತ್ತಿದವಳು ಅವಳೇ. ತಿರುವು ಬಂದಾಗ ಬ್ರೇಕ್ ಹಿಡಿದಳು.

"ಅಂಜಬ್ಯಾಡ್ರಿ, ವಾಲ್ರಿ! ಅದು ನಿಮ್ಮ ಜೋಡಿ ವಾಲ್ತದ!" ಎಂದು ಮಾರ್ತಾಂಡ ಹಿಂದೆ ಓಡುತ್ತ ಕೂಗಿದ.

ವಾಲಿದಳು. ಗಾಡಿಯೂ ವಾಲಿತು... ಎರಡೂ ಗಾಲಿ ಒಟ್ಟಿಗೆ, ಎಷ್ಟು ಮೆತ್ತಗೆ! ಆ ಕ್ಷಣ ನೀಲಾಳಿಗೆ ಖಾತ್ರಿಯಾಯಿತು. 'ನಾ ಈ ಹುಡುಗನ್ನ ಬಿಟ್ಟು ಇರಾಕಿ ಅಲ್ಲ.' ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಅವನೂ ಹೇಳಲಿಲ್ಲ. ಇಬ್ಬರೂ ಒಂದೇ ಕಂಪನಿಯ ಮಾಲು!

ಇಂಥ ಗಾಡಿ ತಯಾರಿಸಿ ಮಾರುವ ಯೋಚನೆಯಲ್ಲಿದ್ದ ಪುಣೆಯ ಕಂಪನಿಯೊಂದರವರು ಗಾಡಿ ನೋಡಲು ಬರುವ ದಿನ ಗೊತ್ತಾಯಿತು. ಬೆಳಗಾವಿಯ ಸದಾಶಿವನಗರದ ಹತ್ತಿರದ ಬಯಲಿನಲ್ಲಿ ಸಾತಪ್ಪನೇ ಗಾಡಿ ಓಡಿಸಿ ತೋರಿಸಬೇಕು. ಅವನು ಹೊಸ ರುಮಾಲು ಸುತ್ತಿದ. ಅವ್ವ ಮಾಯಕ್ಕ ಎಲ್ಲರಿಗೂ ರೊಟ್ಟಿ ಬುತ್ತಿ ಕಟ್ಟಿದಳು. ಗಾಡಿಯನ್ನು ಮಾರ್ತಾಂಡ ಹತ್ತು ಗಂಟೆಗೆ ತರಬೇಕಿತ್ತು.

ಹತ್ತಾಯಿತು. ಹನ್ನೊಂದಾಯಿತು. ಫೋನ್ ಎತ್ತಲಿಲ್ಲ.

ಹನ್ನೊಂದೂವರೆಗೆ ಒಂದು ಮೆಸೇಜು. "ಗಾಡಿ ಬರಂಗಿಲ್ಲ. ಏನೂ ಕೇಳಬ್ಯಾಡ್ರಿ."

ಕಂಪನಿಯ ಚೇತನ ಎಂಬಾತ ಹತ್ತಿರ ಬಂದ. "ಮೇಡಂ, ಮಾರ್ತಾಂಡ ಅವರು ಈಗ ತಾನೇ ನಮಗೆ ಫೋನ್ ಮಾಡಿದ್ರು. ತೋಳಿನ ಡ್ರಾಯಿಂಗ್ ಕೂಡ ಕಳಿಸಿದ್ದಾರೆ..." ಎಂದು ಮೊಬೈಲ್ ತೋರಿಸಿದ.

ನೀಲಾ ನೋಡಿದಳು. ಅವಳದೇ ಡ್ರಾಯಿಂಗ್. ಅವಳದೇ ಗೆರೆ. ಕೆಳಗೆ 'ಬರೆದವರು' ಖಾನೆಯಲ್ಲಿ ಅವಳ ಹೆಸರಿಗೆ ಅಡ್ಡಗೆರೆ! ಮೇಲೆ ದಪ್ಪಕ್ಷರದಲ್ಲಿ... ಮಾರ್ತಾಂಡ.

'ನಂದು... ನನ್ನ ಆರು ತಿಂಗಳು... ನನ್ನ ಅಪ್ಪನ ಗಾಡಿ!'

"ಮೇಡಂ, ಪೂರ್ತಿ ಕೇಳಿ, ಅವರು ಹೇಳಿದ್ದು..." ಚೇತನ ಏನೋ ಅನ್ನುತ್ತಿದ್ದ. ನೀಲಾ ಆಗಲೇ ಸ್ಕೂಟಿ ಹತ್ತಿದ್ದಳು. ಕೇಳಿಸಿಕೊಳ್ಳಬಾರದಿತ್ತೇ ಈ ಹುಡುಗಿ? ಆದರೆ ಮೋಸ ಹೋದವರ ಕಿವಿ ಎಲ್ಲಿ ಕೆಲಸ ಮಾಡುತ್ತದೆ!

ವರ್ಕ್‌ಶಾಪಿನಲ್ಲಿ ಗಾಡಿ ಗಾಲಿ ಬಿಚ್ಚಿಸಿಕೊಂಡು ಮಲಗಿತ್ತು. ಮಾರ್ತಾಂಡ ನೆಲದ ಮೇಲೆ ಕೂತಿದ್ದ.

"ನನ್ನ ಹೆಸರ ಹೊಡದವರ ಯಾರು?"

"...ನಾನ."

"ನಿಮ್ಮ ಹೆಸರ ಬರದವರ?"

"ನಾನ ಬರದೇನಿ."

"ಯಾಕ?"

ಅವನು ತಲೆ ಎತ್ತಲಿಲ್ಲ. "ಹೇಳಾಕ ಬರಂಗಿಲ್ರಿ."

"ಅಪ್ಪ ಅಲ್ಲಿ ಹೊಸಾ ರುಮಾಲು ಸುತಗೊಂಡು ಬಿಸಲಾಗ ನಿಂತಾನ! ಕೇಳಿದ್ರ ಡ್ರಾಯಿಂಗ್ ಕೊಟ್ಟಬಿಡ್ತಿದ್ದೆ, ಮಾರ್ತಾಂಡ. ಜೀವಾನೂ ಕೊಡ್ತಿದ್ದೆ. ಕದಿಯೋ ಜರೂರ್ ಏನಿತ್ತು?"

ನೀಲಾ ತನ್ನ ಸ್ಕೇಲು, ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ ಕಣ್ಣೀರಿಗೆ ರಸ್ತೆ ಕಾಣಲಿಲ್ಲ.

ಹನ್ನೆರಡು ದಿನ! ಆಫೀಸಿಗೆ ರಜೆ ಹಾಕಿ ಖಾನಾಪುರದ ಮನೆಯಲ್ಲೇ ಉಳಿದಳು. ಅಪ್ಪ ಅಂಗಳದಲ್ಲಿ ಕೂತು ಗುಡ್ಡದ ಕಡೆ ನೋಡುತ್ತಿದ್ದ. ಬೈದಿದ್ದರೂ ಚೆನ್ನಾಗಿತ್ತು. 'ಚೆಕ್ ಮಾಡಾಕ ನಾ ಯಾರು ಅಂದಾಂವ... ನನ್ನ ಹೆಸರ ಅಳಸಾಕ ಯಾರಾದಾ?' ಊಟಕ್ಕೆ ಕೂತರೂ ಅದೇ, ಹಾಸಿಗೆಗೆ ಒರಗಿದರೂ ಅದೇ.

ಹದಿಮೂರನೆಯ ದಿನ ಮಧ್ಯಾಹ್ನ ರಾಮಲಿಂಗ ಕಾಕಾ ಬಂದ. ಕಂಕುಳಲ್ಲಿ ಅರಿವೆ ಸುತ್ತಿದ ಗಂಟು.

"ಅವರ ಕಡಿಂದ ಬಂದಿದ್ರ ಹೊರಗಿಂದ ಹೊರಗ ಹೋಗ್ರಿ ಕಾಕಾ."

"ಯಾರ ಕಡಿಂದನೂ ಬಂದಿಲ್ಲ ತಂಗೀ. ಹೇಳಬ್ಯಾಡಂತ ಸಾಹೇಬ್ರು ಆಣಿ ಹಾಕ್ಯಾರ, ಅದಕ್ಕ ಹೇಳಾಂವಲ್ಲ. ತೋರಸ್ತೇನಿ. ಒಂದೀಟು ಸೀಮಿಎಣ್ಣಿ ಕೊಡು."

ಗಂಟಿನಲ್ಲಿ ಇದ್ದದ್ದು ಗಾಡಿಯ ಕೆಳಗಿನ ತೋಳು. ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಕಾಕಾ ಅದಕ್ಕೆ ಸೀಮೆಎಣ್ಣೆ ಸವರಿ ಬಿಸಿಲಲ್ಲಿಟ್ಟ. ಸ್ವಲ್ಪ ಹೊತ್ತಿಗೆ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ.

"ಈಗ ನೋಡು. ಒಳಗ ಸೀಳಿದ್ರ ಅಲ್ಲಿ ಕುಂತ ಎಣ್ಣಿ ಹೊರಗ ಬರತೈತಿ."

ಬಿಳಿ ಪುಡಿಯ ಮೇಲೆ ಮೆಲ್ಲಗೆ ಒಂದು ಕಪ್ಪು ಗೆರೆ ಮೂಡಿತು. ಕೂದಲೆಳೆಯಷ್ಟು ಸಣ್ಣದು. ತೋಳಿನ ಕುತ್ತಿಗೆಯ ಮೂಲೆಯಿಂದ ಅರ್ಧದವರೆಗೆ ಓಡಿತು.

"ಗಾಡಿ ತರೋ ದಿನಾ ಮುಂಜಾನಿ, ಕಡೀ ಸಲ ನೋಡೂಣು ಅಂತ ಸಾಹೇಬ್ರು ಹಿಂಗ ಮಾಡಿದ್ರು. ಗೆರಿ ಕಂಡ ಕೂಡ್ಲೆ ಅಲ್ಲೇ ಕುಂತಬಿಟ್ರು. ಇನ್ನೊಂದ ನಾಕ ತಿರುವು... ನಿಮ್ಮಪ್ಪ..." ಎಂದವನು ನಾಲಿಗೆ ಕಚ್ಚಿಕೊಂಡ.

ನೀಲಾ ಆ ಮೂಲೆಯ ಮೇಲೆ ಬೆರಳಾಡಿಸಿದಳು. ಚೂಪಾಗಿತ್ತು. ರೇಡಿಯಸ್ ಇರಲಿಲ್ಲ!

ಅದನ್ನು ತೆಗೆದದ್ದು ಯಾರು? ಅವಳೇ! ಕೊನೆಯ ಡ್ರಾಯಿಂಗಿನಲ್ಲಿ, ಅವನ ಊದಿದ ಬೆರಳು ನೆನೆದು, ಇಷ್ಟಕ್ಕೆ ಏನಾಗುತ್ತದೆಂದು ಗುಂಡು ಗೆರೆ ಅಳಿಸಿ ನೇರ ಗೆರೆ ಎಳೆದದ್ದು ಅವಳೇ.

'ಅಂವಾ ನನ್ನ ಗಾಡಿ ಕದ್ದಿಲ್ಲ... ನನ್ನ ತಪ್ಪು ಕದ್ದಾನ! ಕಂಪನಿಯವರ ಮುಂದ ಅದನ್ನ ತನ್ನ ಹೆಸರಿಗೆ ಬರಕೊಂಡಾನ!'

ಪೆನ್ಸಿಲ್ ಹಿಡಿಯಂಗಿಲ್ಲ ಅಂದಿದ್ದ ತನ್ನದೇ ಮಾತು ನೆನಪಾಯಿತು. ಅಳು ಬಂತು. ಬೆನ್ನಿಗೇ ಸಿಟ್ಟೂ ಬಂತು, ಮೊದಲಿಗಿಂತ ಹೆಚ್ಚು!

ಎಲ್ಲ ನೋಡುತ್ತ ಕೂತಿದ್ದ ಸಾತಪ್ಪ ಕೋಲು ಕುಟ್ಟಿದ. "ಕುಂತೀ ಯಾಕ? ಹೋಗು. ಗಾಡಿ ತಗೊಂಡ ಬಾ. ಬರೋವಾಗ ಆ ಹುಡುಗನ್ನೂ ಕರಕೊಂಡ ಬಾ."

ವರ್ಕ್‌ಶಾಪಿನಲ್ಲಿ ಮಾರ್ತಾಂಡ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ನೀಲಾ ತೋಳನ್ನು ಅವನ ಮುಂದೆ ಧಡ್ ಎಂದು ಇಟ್ಟಳು.

"ಈ ತಪ್ಪು ನಂದು. ನನ್ನ ಕೇಳದ ಯಾಕ ತಗೊಂಡ್ರಿ?"

ಮಾರ್ತಾಂಡ ಆ ಕಪ್ಪು ಗೆರೆಯ ಮೇಲೆ ಕೈ ಮುಚ್ಚಿದ. "ನೀವು ಬರಿಯೋದ ಬಿಡ್ತಿದ್ರಿ... ಬಿಟ್ರ ನಾ ಯಾರ ಸಲುವಾಗಿ ಕಡೀಲಿ?"

"ಅದಕ್ಕ ಹನ್ನೆರಡ ದಿನಾ ನಿಮ್ಮನ್ನ ಕಳ್ಳ ಅಂತ ಬೈಕೋತ ಅಳಾಕ ಬಿಟ್ರಿ? ಅಪ್ಪನ್ನ ಉಳಿಸಿದ್ರಿ, ಖರೇ. ಆದ್ರ ನಾ ತಪ್ಪು ತಡಕೊಳ್ಳಾಕಿ ಅಲ್ಲಂತ ನೀವ ತೀರ್ಮಾನ ಮಾಡಿದ್ರಲ್ಲ, ಅದೂ ಮೋಸಾನ!"

ಮಾರ್ತಾಂಡನ ಕಣ್ಣು ತುಂಬಿತು. "ಹೌದು. ಮೋಸಾನ ಆತು. ನಂದೂ ತಪ್ಪೈತಿ, ನೀಲಾ. ಕಡಿಯೋವಾಗ ಒಂದ ಗಳಿಗಿ ಅನಸಿತ್ತು, ರೇಡಿಯಸ್ ಎಲ್ಲಿ ಹೋತು ಅಂತ. ನೀವು ಬರದೀರಂದ್ರ ಸರೀನ ಇರತೈತಿ ಅಂತ ಕಡದಬಿಟ್ಟೆ. ...ನೀವ್ಯಾಕ ತಗದ್ರಿ ಅದನ್ನ?"

"ನಿಮ್ಮ ಬೆರಳು ಊದಿತ್ತಲ್ಲ..." ದನಿ ಸಣ್ಣಗಾಯಿತು. "ತ್ರಾಸ ಆಗಬಾರದಂತ..."

ಮಾರ್ತಾಂಡ ಸೀಳಿದ ತೋಳನ್ನು ಎತ್ತಿ ಆ ಚೂಪು ಮೂಲೆಯ ಮೇಲೆ ಬೆರಳಿಟ್ಟ.

"ಪ್ರೀತಿ ಮಾಡಿ ಮಾಡಿನ ಗಾಡಿ ಕೆಡಿಸಿದ್ವಿ ನೋಡ್ರಿ," ಎಂದಳು ನೀಲಾ, ಅಳುತ್ತಲೇ.

"ಏನಂದ್ರಿ?"

"ಗಾಡಿ ಕೆಡಿಸಿದ್ವಿ ಅಂದೆ."

"ಅದಕ್ಕಿಂತ ಮೊದಲ."

ನೀಲಾ ಕಣ್ಣೊರೆಸಿಕೊಂಡು ಚೇತನನಿಗೆ ಫೋನ್ ಮಾಡಿದಳು. "ಸರ್, ಆ ತೋಳು ಬರೆದದ್ದು ನಾನು. ತಪ್ಪೂ ನನ್ನದೇ. ಸರಿ ಮಾಡಿ ತೋರಿಸ್ತೇವೆ." ತಿಂಗಳ ನಂತರ ಮತ್ತೆ ಬರುತ್ತೇವೆ ಎಂದರು ಅವರು.

ಪೆನ್ಸಿಲ್ ಡಬ್ಬಿ ತೆರೆದಳು. ಮೂಲೆ ಗುಂಡಗೆ ಮಾಡಿ ಹೊಸ ಡ್ರಾಯಿಂಗ್ ಬರೆದು ಅವನ ಮುಂದಿಟ್ಟಳು. ಮಾರ್ತಾಂಡ ಪ್ರತಿ ಅಳತೆಯ ಮೇಲೂ ಬೆರಳಿಟ್ಟು ಓದಿದ.

"ಇಲ್ಲಿ ಪಿನ್ನಿನ ಅಳತಿ ಬಿಟ್ಟೀರಿ."

"ಅಯ್ಯ, ಹೌದಲ್ಲ!" ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಸಂತೋಷಪಟ್ಟ ಇಂಜಿನಿಯರನ್ನು ಬೆಳಗಾವಿ ಕಂಡಿರಲಿಕ್ಕಿಲ್ಲ!

ಅಳತೆ ತುಂಬಿದಳು. ಅವನು ಮೊದಲ ಬಾರಿಗೆ ಆ ಖಾಲಿ ಖಾನೆಯಲ್ಲಿ ಸಹಿ ಮಾಡಿದ.

ಇಪ್ಪತ್ತು ದಿನದ ಮೇಲೆ ಖಾನಾಪುರ ರಸ್ತೆಯ ಅದೇ ತಿರುವು. ಮುಂದೆ ಸಾತಪ್ಪನ ಗಾಡಿ ಮೆತ್ತಗೆ ವಾಲಿ, ನೆಟ್ಟಗಾಗಿ, ಹಟ್ಟಿಯ ದಾರಿ ಹಿಡಿಯಿತು. ಹಿಂದೆ ಬೈಕಿನಲ್ಲಿ ಇವರಿಬ್ಬರು.

"ಇನ್ನೂ ಒಂದ ಕಡೆ ನಿಮ್ಮ ಸಹಿ ಬೇಕಾಗೈತಿ," ಎಂದಳು ನೀಲಾ ಅವನ ಬೆನ್ನಿಗೆ ಹಣೆ ತಾಗಿಸಿ.

"ಎಲ್ಲಿ?"

"ಅಪ್ಪನ ಮುಂದ. ನಮ್ಮ ಲಗ್ನದ ಮಾತು ಬರದಿಡೋ ಯಾದಿ ಮ್ಯಾಲೆ."

ಬೈಕ್ ಒಂದು ಕ್ಷಣ ತೊನೆದಾಡಿತು. "ಅದನ್ನ ಓದದನ ಸಹಿ ಮಾಡ್ಲೇನು?"

"ಏ, ಬ್ಯಾಡ್ರಿ! ಒಮ್ಮೆ ಆಗಿದ್ದ ಸಾಕು. ಪೂರ್ತಿ ಓದಿ, ಆಮ್ಯಾಲೆ ಮಾಡ್ರಿ."