ತೂಕವಿಲ್ಲದ ಎಣ್ಣೆ

ಢಣ್.

ತೊಟ್ಟಿಲು ಒಂದು ಮೀಟರ್ ಇಳಿದು ಗಕ್ಕನೆ ನಿಂತಿತು. ಎಣ್ಣೆ ಪೈಪಿನ ಬಿರುಕು ಇನ್ನೊಂದು ಬೆರಳು ಉದ್ದವಾಯಿತು.

"ತಾರ್ಮೊ, ಈ ಸದ್ದು ನನಗೆ ಹಿಡಿಸ್ತಿಲ್ಲ," ವಾಕಿಟಾಕಿಯಲ್ಲಿ ಇಲ್ಮೊ.

"ನನಗೂ."

ತಾಂಪೆರೆ ಊರಾಚೆಯ ಅಣೆಕಟ್ಟು. ಕೆಳಗೆ ಬಂಡೆ, ನೊರೆ. ಲಾರಿಯಿಂದ ಚಾಚಿದ ಉದ್ದನೆಯ ಕಬ್ಬಿಣದ ತೋಳು. ಅದರ ತುದಿಯ ತೊಟ್ಟಿಲಲ್ಲಿ ಇಲ್ಮೊ. ಗೇಟು ಪರೀಕ್ಷೆ ಮಾಡೋಕೆ ಹತ್ತಿದವನು. ಆ ತೋಳು ನಿಂತಿರೋದು ಎಣ್ಣೆಯ ಒತ್ತಡದ ಮೇಲೆ. ಪೈಪ್ ಒಡೆದರೆ...

ಹೈಡ್ರಾಲಿಕ್ ಯಂತ್ರ ಯಾಕೆ ಕೈಕೊಟ್ಟಿತು ಅಂತ ಪತ್ತೆ ಹಚ್ಚೋದು ನನ್ನ ಕಸುಬು. ಯಾವಾಗಲೂ ಕೈಕೊಟ್ಟ ಮೇಲೆ ಬರ್ತೀನಿ. ಇವತ್ತು ಬೇಗ ಬಂದುಬಿಟ್ಟೆ. ಅದೇ ತಪ್ಪಾಯಿತು.

ಬಿರುಕು ಕಂಡ ಕೂಡಲೇ ಇಲ್ಮೊ ನನಗೆ ಫೋನ್ ಮಾಡಿದ್ದ. ಆಮೇಲೆ ತುರ್ತು ಇಳಿಕೆಯ ಗುಂಡಿ ಒತ್ತಿದ್ದ. ಒತ್ತಿದರೆ ಮುಗೀತು, ರದ್ದು ಮಾಡೋ ಹಾಗಿಲ್ಲ. ಮೂರು ನಿಮಿಷಕ್ಕೊಂದು ಮೀಟರ್. ವಾಲ್ವ್ ತೆರೆಯುತ್ತೆ, ಎಣ್ಣೆ ನುಗ್ಗುತ್ತೆ, ವಾಲ್ವ್ ಪಟ್ಟನೆ ಮುಚ್ಚುತ್ತೆ.

ಓಡೋ ಎಣ್ಣೆ ಪಟ್ಟನೆ ನಿಲ್ಲಲ್ಲ. ಬಸ್ ಬ್ರೇಕ್ ಹಾಕಿದಾಗ ನಿಂತವರು ಮುಂದಿನವರ ಮೇಲೆ ಬೀಳ್ತಾರಲ್ಲ, ಹಾಗೆ ಬಂದು ಪೈಪಿಗೆ ಗುದ್ದುತ್ತೆ.

ಇನ್ನು ಹದಿನಾಲ್ಕು ಮೀಟರ್. ಅಂದರೆ ಹದಿನಾಲ್ಕು ಗುದ್ದು. ದಡದಲ್ಲಿ ನಿಲ್ಲಿಸಿದ ಅಗ್ನಿಶಾಮಕದವರ ಏಣಿ ಅಲ್ಲಿಗೆ ಮುಟ್ಟಲಿಲ್ಲ.

ಯಂತ್ರ ಮಾಡಿದ ಕಂಪನಿಗೆ ಫೋನ್ ಮಾಡಿದೆ. ರೆಕಾರ್ಡ್ ಮಾಡಿಟ್ಟ, ಜೇನು ಸವರಿದ ಹೆಣ್ಣು ದನಿ. "ನಮ್ಮೆಲ್ಲರಿಗೂ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಖಂಡಿತ ಮಾತಾಡೋಣ..."

ಜುಲೈ ತಿಂಗಳು. ದೇಶಕ್ಕೆ ದೇಶವೇ ಕೆರೆದಂಡೆ ಸೇರಿತ್ತು.

ಆಯ್ಲಿ ಫೋನಿಗೆ ಸಿಕ್ಕಳು. ಈ ವಾಲ್ವ್ ಎಷ್ಟು ಬೇಗ ಮುಚ್ಚಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವಳು. ಅವಳೂ ರಜೆಯಲ್ಲಿ, ದ್ವೀಪದ ಗುಡಿಸಲಲ್ಲಿದ್ದಳು. ಎಲ್ಲ ಹೇಳಿದೆ. ಆ ಕಡೆ ಲ್ಯಾಪ್‌ಟಾಪಿನ ಕೀಲಿಗಳು ಟಕಟಕ ಅಂದವು.

"ಆಯ್ಲಿ?"

"ಎಣ್ಣೆಗೆ ತೂಕ ಇಟ್ಟಿರಲಿಲ್ಲ."

"ಏನಂದೆ?"

"ಅದರ ಜಡತ್ವಾನ ಲೆಕ್ಕದಿಂದ ತೆಗೆದಿದ್ದೆ. ಲ್ಯಾಬಿನ ಪೈಪ್ ಒಂದೇ ಮೀಟರ್. ಅಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇಟ್ಟರೆ ಒಂದೊಂದು ಲೆಕ್ಕಕ್ಕೂ ಅರ್ಧ ಗಂಟೆ, ಅಂಥವು ನೂರಾರು. ರಜೆ ಶುರುವಾಗೋದರೊಳಗೆ ಕೊಡಬೇಕಿತ್ತು..."

"ಇಲ್ಲಿ ಪೈಪ್ ಮೂವತ್ತು ಮೀಟರ್."

"ಗೊತ್ತು. ಈಗ ಇದೊಂದಕ್ಕೆ ಇಟ್ಟು ಓಡಿಸ್ತೀನಿ. ಅರ್ಧ ಗಂಟೆ ಬೇಕು. ಅಲ್ಲೀವರೆಗೂ ಏನೂ ಮುಟ್ಟಬೇಡ."

ಢಣ್.

"ಅರ್ಧ ಗಂಟೆಯಂತೆ, ಇಲ್ಮೊ."

"ಇರಲಿ ಬಿಡು. ಮೇಲೆ ಗಾಳಿ ಚೆನ್ನಾಗಿದೆ." ಆಮೇಲೆ ಥೇಟ್ ಆ ಕಂಪನಿಯ ಹೆಣ್ಣು ದನಿಯಲ್ಲಿ, "ಆಗಸ್ಟ್‌ನಲ್ಲಿ ಖಂಡಿತ ಇಳಿದುಬಿಡೋಣ..."

ಅವನಿಗೂ ಅದೇ ಉತ್ತರ ಸಿಕ್ಕಿತ್ತು ಅಂತ ಆಗ ತಿಳೀತು.

ಢಣ್. ಐದನೇ ಗುದ್ದಿಗೆ ಎಣ್ಣೆ ಜಿನುಗೋದು ಬಿಟ್ಟು ಚಿಮ್ಮತೊಡಗಿತು.

ಲಾರಿಯ ಪರದೆ ನನ್ನ ಮುಂದೆಯೇ ಇತ್ತು. ವಾಲ್ವ್ ಮುಚ್ಚುವ ಸಮಯ: 0.2 ಸೆಕೆಂಡ್. ಬೆರಳು ಸುಮ್ಮನಿರಲಿಲ್ಲ. ನಿಧಾನವಾಗಿ ಮುಚ್ಚಿದರೆ ಒಳ್ಳೇದಲ್ಲವಾ? ಐದು ಅಂತ ಒತ್ತಿದೆ.

ಢಣ್ ಅನ್ನಲಿಲ್ಲ.

ಅರ್ಧ ಮುಚ್ಚಿದ ವಾಲ್ವ್ ಹಲ್ಲು ಕಟಕಟಿಸಿತು. ಎಣ್ಣೆ ಹಿಂದಕ್ಕೂ ಮುಂದಕ್ಕೂ ಜೀಕಿತು. ಆ ತಾಳಕ್ಕೆ ಮೂವತ್ತು ಮೀಟರ್ ತೋಳು ಕುಣಿಯಿತು. ಇಲ್ಮೊ ಕಂಬಿ ತಬ್ಬಿಕೊಂಡ.

"ತಾರ್ಮೊ... ಏನಾದರೂ ಮುಟ್ಟಿದೆಯಾ?"

"ಮುಟ್ಟಿದೆ."

"ಮುಟ್ಟಬೇಡ ಮಾರಾಯ."

"ಆಯ್ಲಿ! ಎಲ್ಲೀವರೆಗೆ ಬಂತು?"

"ಶೇಕಡಾ ಎಪ್ಪತ್ತು. ಬೈಬೇಡ, ಅದು ನನ್ನ ಮಾತು ಕೇಳಲ್ಲ."

ಎರಡು ಸೆಕೆಂಡ್ ಇಟ್ಟೆ. ಢಣ್, ಸ್ವಲ್ಪ ಮೆತ್ತಗೆ. ಆದರೆ ಬಿರುಕು ಪೈಪಿನ ಅರ್ಧ ಸುತ್ತು ಬಂದಿತ್ತು. ಹಗ್ಗ ಇಲ್ಲ. ಏಣಿ ಇಲ್ಲ. ನನ್ನ ಇಪ್ಪತ್ತು ವರ್ಷದ ಅನುಭವ ಇತ್ತು... ಅದನ್ನು ಕಟ್ಟಿ ಮನುಷ್ಯನನ್ನು ಇಳಿಸೋಕಾಗಲ್ಲ.

"ತಾರ್ಮೊ."

"ಹೇಳು."

"ಮಾತಾಡ್ತಾ ಇರು. ಏನಾದರೂ ಸರಿ."

ಬೆಳಿಗ್ಗೆ ತಿಂದ, ನಮ್ಮೂರವರು ಜ್ಯಾಮ್ ಜೊತೆ ತಿನ್ನೋ ರಕ್ತದ ಸಾಸೇಜಿನ ಬಗ್ಗೆ ಹೇಳತೊಡಗಿದೆ. ಅಂಗಡಿಯವನು ಜ್ಯಾಮ್ ಕಡಿಮೆ ಹಾಕಿದ ಅಂತ. ಇಲ್ಮೊ ನಕ್ಕ. "ಯಾವ ಅಂಗ—"

ಈ ಸಲದ್ದು ಢಣ್ ಅಲ್ಲ. ಬಟ್ಟೆ ಹರಿದ ಸದ್ದು.

ಎಣ್ಣೆ ಮಂಜಾಗಿ ಮೇಲೆದ್ದಿತು. ತೋಳು ಕುಸಿಯಿತು. ಬಂಡೆ, ನೊರೆ. ಆಮೇಲೆ ಬರೀ ನೊರೆ.

ಆರು ನಿಮಿಷ ವಾಕಿಟಾಕಿಯಲ್ಲಿ ಇಲ್ಮೊನನ್ನು ಕರೆದೆ.

"ಬಂತು!" ಫೋನಿನಲ್ಲಿ ಆಯ್ಲಿ ಏದುಸಿರು ಬಿಡ್ತಿದ್ದಳು. "ಮೂರು ಪಾಯಿಂಟ್ ನಾಲ್ಕು ಸೆಕೆಂಡ್. ಬೇಗ ಹಾಕು, ತಾರ್ಮೊ!"

ಮೂರು ಪಾಯಿಂಟ್ ನಾಲ್ಕು. ಬರಕೊಂಡೆ. ಇದೇ ಥರದ ಹನ್ನೊಂದು ಯಂತ್ರ ಇನ್ನೂ ಕೆಲಸದಲ್ಲಿವೆ... ಜುಲೈ ಮುಗಿಯೋಕೆ ಇನ್ನೂ ಹದಿನೆಂಟು ದಿನ.