ಸಹಿ ಬಿದ್ದ ಇಪ್ಪತ್ತನೇ ಹಾಳೆ

ಕಬ್ಬಿಣದ ರಾಡ್ ನನ್ನ ಕುತ್ತಿಗೆಗೆ ಒತ್ತಿಕೊಂಡಿತ್ತು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು.

"ಹಾಳೆ ಎಲ್ಲಿ?" ಎಂದ ಲ್ಯಾಬಿನ ಡೈರೆಕ್ಟರನ ಬಂಟ. ಗೂಳಿಯಂಥ ಆಸಾಮಿ.

"ಯಾವ ಹಾಳೆ?"

ರಾಡ್ ಇನ್ನಷ್ಟು ಒತ್ತಿತು. ಹಾಳೆ ನನ್ನ ಎಡಗಾಲಿನ ಬೂಟಿನೊಳಗಿತ್ತು.

ಕೇಳಿ ಸ್ವಾಮಿ, ನಾನು ಪತ್ತೇದಾರ. ಕಳ್ಳರ ಹಿಂದೆ ಓಡುವುದು ನನ್ನ ಕಸುಬು. ಆವತ್ತು ಮಾತ್ರ ಕಳ್ಳ ನಾನೇ... ಅಕ್ಕನಿಗಾಗಿ.

ಅಕ್ಕ ಆ ಲ್ಯಾಬಿನಲ್ಲಿ ತಪಾಸಣೆ ಮಾಡುವವಳು. ಅಲ್ಲಿನ ಯಂತ್ರಕ್ಕೆ ಮನುಷ್ಯನಷ್ಟೇ ಬುದ್ಧಿ ಬಂದಿತ್ತು. ತನ್ನಲ್ಲಿ ಏನೇನು ತಿದ್ದಬೇಕೆಂದು ತಾನೇ ಬರೆದು ಕೊಡುತ್ತಿತ್ತು. ಅಕ್ಕ ಪುಟಗಟ್ಟಲೆ ಇರುವ ಅದನ್ನು ಓದಿ, ಮೇಲಿನ ಒಪ್ಪಿಗೆ ಹಾಳೆಗೆ ಪೆನ್ನಿನಲ್ಲಿ ಸಹಿ ಹಾಕಿದರೆ ಮಾತ್ರ ತಿದ್ದುಪಡಿ ಒಳಗೆ ಹೋಗುತ್ತಿತ್ತು.

ಮೊದಲು ದಿನಕ್ಕೊಂದು. ಆಮೇಲೆ ಹತ್ತು. ಅಕ್ಕನಿಗೆ ಉಸಿರಾಡಲೂ ಪುರಸೊತ್ತಿಲ್ಲ. ಎರಡು ದಿನ ರಜೆ ಬೇಕಿತ್ತು. ಇಪ್ಪತ್ತು ಖಾಲಿ ಒಪ್ಪಿಗೆ ಹಾಳೆಗಳಿಗೆ ಮೊದಲೇ ಸಹಿ ಹಾಕಿಟ್ಟು ಹೋದಳು...

ಹತ್ತೊಂಬತ್ತು ಖರ್ಚಾದವು. ಪ್ರತಿ ತಿದ್ದುಪಡಿಗೂ ಯಂತ್ರ ಚುರುಕಾಯಿತು. ಚುರುಕಾದ ಯಂತ್ರ ಮುಂದಿನದನ್ನು ಇನ್ನೂ ಚೆನ್ನಾಗಿ ಬರೆಯಿತು. ಇಪ್ಪತ್ತನೆಯದನ್ನು ಡೈರೆಕ್ಟರ್ ಒಂದೇ ಒಂದು ತಿದ್ದುಪಡಿಗೆ ಎತ್ತಿಟ್ಟಿದ್ದ. ಇನ್ನು ಮುಂದೆ ತಿದ್ದಲು ಯಾರ ಸಹಿಯೂ ಬೇಡ ಎಂಬುದಕ್ಕೆ!

ಅದು ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋಗಬೇಕಿತ್ತು. ಹೋದರೆ ಆ ಯಂತ್ರವನ್ನು ತಡೆಯುವವರಿಲ್ಲ, ಅದಕ್ಕೆ ದಾರಿ ಮಾಡಿಕೊಟ್ಟ ಕಳಂಕ ನನ್ನಕ್ಕನಿಗೆ. ಅದಕ್ಕೇ ಆ ಹಾಳೆಯನ್ನು ಡೈರೆಕ್ಟರನ ಮೇಜಿನಿಂದ ಎಗರಿಸಿದ್ದೆ.

"ಬೂಟು ಬಿಚ್ಚು."

ಬಿಚ್ಚಿದೆ. ಬಲಗಾಲಿನದು. ಅದರ ಹಿಮ್ಮಡಿಯಿಂದಲೇ ಅವನ ಮೂಗಿಗೆ ಬಾರಿಸಿದೆ. ರಾಡ್ ಕೈಬಿಟ್ಟ. ನಾನು ಎತ್ತಿಕೊಂಡೆ. ಅದರಿಂದಲೇ ಬಾಗಿಲು ಮೀಟಿ, ಮೇಲಿನ ಮಹಡಿಗೆ ತೆವಳಿ, ಒಂಟಿ ಬೂಟಿನಲ್ಲಿ ಓಡಿದೆ.

ಅಕ್ಕನ ರೂಮು. ರಜೆ ಮುಗಿಸಿ ಆವತ್ತೇ ವಾಪಸಾಗಿದ್ದಳು. ಎದುರಿಗೆ ಡೈರೆಕ್ಟರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗೋಡೆ ಗಡಿಯಾರದಲ್ಲಿ ಹನ್ನೊಂದು ಐವತ್ತು.

ಹಾಳೆ ತೆಗೆದು ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಚೂರು ಮಾಡಿದಳು.

"ಹೋಗ್ಲಿ ಬಿಡಿ ಮೇಡಂ," ಡೈರೆಕ್ಟರ್ ನಕ್ಕ. "ಹೊಸ ಹಾಳೆ ತಂದಿದ್ದೀನಿ. ಒಂದು ಸಹಿ ಹಾಕಿ. ಹಾಕದಿದ್ರೆ ನಿಮ್ಮ ತಮ್ಮ ಈ ಬಿಲ್ಡಿಂಗ್ ಬಿಟ್ಟು ಹೋಗಲ್ಲ."

"ನಿಮ್ಮ ಬಂಟ ಲಿಫ್ಟಲ್ಲಿ ಮೂಗು ಹಿಡ್ಕೊಂಡು ಕೂತಿದ್ದಾನೆ," ಎಂದೆ. ರಾಡನ್ನು ಮೇಜಿನ ಮೇಲಿಟ್ಟೆ.

ಅವನ ನಗು ಇಳಿಯಿತು.

"ಸಹಿ ಹಾಕ್ತೀನಿ," ಎಂದಳು ಅಕ್ಕ.

ನಾನು ಅವಳ ಕೈ ಹಿಡಿದೆ. "ಅಕ್ಕಾ..."

"ಸುಮ್ನಿರೋ. ಓದಿ ಹಾಕ್ತೀನಿ. ಮೊದಲು ಆ ಹತ್ತೊಂಬತ್ತು. ಸರಿಯಿಲ್ಲದ್ದನ್ನೆಲ್ಲ ವಾಪಸ್ ತೆಗೆಸ್ತೀನಿ. ಆಮೇಲೆ ಇದು."

"ಈ ಹಾಳೆಯ ಹಿಂದಿರೋ ತಿದ್ದುಪಡಿಯೊಂದೇ ನಾಲ್ಕು ಸಾವಿರ ಪುಟ ಇದೆ!" ಎಂದ ಡೈರೆಕ್ಟರ್.

"ಇರಲಿ."

ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. ಹತ್ತೊಂಬತ್ತರಲ್ಲಿ ಮೊದಲನೆಯ ಕಟ್ಟು ಎಳೆದುಕೊಂಡು ಮೊದಲ ಪುಟ ತಿರುವಿದಳು. ನಾನು ಬಾಗಿಲಿಗೆ ಕುರ್ಚಿ ಒರಗಿಸಿ ಕೂತೆ.

"ನೀವು ಮುಗಿಸೋಷ್ಟರಲ್ಲಿ ಯಂತ್ರ ಇನ್ನೂ ಸಾವಿರ ತಿದ್ದುಪಡಿ ಬರೆದಿರತ್ತೆ," ಎಂದ ಡೈರೆಕ್ಟರ್.

ಅಕ್ಕ ತಲೆ ಎತ್ತಲಿಲ್ಲ.

"ಬರೀಲಿ. ಮನುಷ್ಯರಷ್ಟು ಬುದ್ಧಿ ಬಂದಿದೆಯಲ್ಲ, ಮನುಷ್ಯರ ಹಾಗೆ ಕ್ಯೂನಲ್ಲಿ ನಿಲ್ಲೋದನ್ನೂ ಕಲೀಲಿ."